ಓದುಗನ ಸಮಯದ ಲೆಕ್ಕ ಇಡುವವರಾರು?

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಮಾತ್ರ ವೇಷ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿರುತ್ತದೆ. ‘ಎಲ್ಲವೂ ಮೊಬೈಲಿನಲ್ಲೇ ಸಿಗುವಾಗ ವಿಶ್ವವಿದ್ಯಾಲಯಗಳಿಗೆ ಅಷ್ಟು ದೊಡ್ಡ ಲೈಬ್ರರಿ ಏತಕ್ಕೆ?’ ಎಂದು ಒಬ್ಬರು ಕೇಳುತ್ತಾರೆ. ‘ನಮ್ಮ ಹುಡುಗಿ ಎಂ.ಎ. ಮುಗಿಸುವಷ್ಟರಲ್ಲಿ ಲೈಬ್ರರಿ ಮೆಟ್ಟಿಲು ಹತ್ತಿದ್ದು ಎರಡೇ ಸಲ. ಕಾರ್ಡು ಮಾಡಿಸಲು ಒಮ್ಮೆ, ನೋ ಡ್ಯೂ ಸರ್ಟಿಫಿಕೇಟಿಗೆ ಸೀಲು ಹಾಕಿಸಲು ಇನ್ನೊಮ್ಮೆ’ ಎಂದು ಇನ್ನೊಬ್ಬರು ನೊಂದುಕೊಳ್ಳುತ್ತಾರೆ. ನಿವೃತ್ತ ಪ್ರಾಧ್ಯಾಪಕರೊಬ್ಬರು, ‘ಎಸಿ ಹಾಕಿಸಿದರು, ಕಂಪ್ಯೂಟರ್ ಇಟ್ಟರು, ಬಾಗಿಲಿಗೆ ಗೇಟೂ ಬಂತು. ಓದುವವರು ಮಾತ್ರ ಬರಲಿಲ್ಲ, ಎಲ್ಲಿ ತಪ್ಪಿದೆವು?’ ಎಂದು ಬರೆದಿದ್ದಾರೆ. ನನ್ನ ಮಟ್ಟಿಗೆ ಈ ಮೂವರದೂ ಒಂದೇ ಪ್ರಶ್ನೆ. ಅದಕ್ಕೆ ಉತ್ತರ ಹೊಸದಾಗಿ ಹುಡುಕಬೇಕಾಗಿಯೂ ಇಲ್ಲ. ನಾನಿರುವ ಈ ಚೆನ್ನೈನಲ್ಲೇ, ನೂರು ವರ್ಷದ ಹಿಂದೆ, ಲೆಕ್ಕದ ಮೇಷ್ಟ್ರೊಬ್ಬರು ಅದನ್ನು ಕಂಡುಕೊಂಡಿದ್ದರು.

ಅವರು ಎಸ್.ಆರ್. ರಂಗನಾಥನ್. ತಂಜಾವೂರು ಸೀಮೆಯ ಶೀರ್ಕಾಳಿಯವರು, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದವರು. ಮದ್ರಾಸು ವಿಶ್ವವಿದ್ಯಾಲಯ 1923ರಲ್ಲಿ ಗ್ರಂಥಪಾಲಕರ ಹುದ್ದೆಯೊಂದನ್ನು ಹೊಸದಾಗಿ ಸೃಷ್ಟಿಸಿತು. ಅದಕ್ಕೆ ಸುಮಾರು ಒಂಬೈನೂರು ಅರ್ಜಿ ಬಂದವಂತೆ. ಆ ಕೆಲಸ ಕಲಿತವರು ಅವರಲ್ಲಿ ಒಬ್ಬರೂ ಇರಲಿಲ್ಲ. ರಂಗನಾಥನ್ನರೂ ಅಷ್ಟೆ. ಸಂದರ್ಶನಕ್ಕೆ ಕೆಲವು ದಿನ ಮುಂಚೆ ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದಲ್ಲಿ ಓದಿಕೊಂಡ ಒಂದು ಲೇಖನವೇ ಅವರ ಬಂಡವಾಳ. 1924ರ ಜನವರಿಯಲ್ಲಿ ಕೆಲಸಕ್ಕೆ ಸೇರಿದವರಿಗೆ ಅಲ್ಲಿಯ ಒಂಟಿತನ ಕೆಲವೇ ವಾರಗಳಲ್ಲಿ ಸಾಕಾಗಿಹೋಯಿತು. ನನ್ನನ್ನು ಪಾಠಕ್ಕೇ ವಾಪಸು ಕಳಿಸಿ ಎಂದು ದುಂಬಾಲು ಬಿದ್ದರು. ಕೊನೆಗೊಂದು ಒಪ್ಪಂದವಾಯಿತು. ಲಂಡನ್ನಿಗೆ ಹೋಗಿ ಅಲ್ಲಿಯ ಲೈಬ್ರರಿಗಳು ನಡೆಯುವ ಬಗೆಯನ್ನು ನೋಡಿಕೊಂಡು ಬನ್ನಿ, ಆಮೇಲೂ ಬೇಡವೆನಿಸಿದರೆ ಗಣಿತದ ಕೆಲಸ ನಿಮಗೇ ಇದೆ.

ರಂಗನಾಥನ್ ಹೋದರು, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಕಲಿತರು, ಇಂಗ್ಲೆಂಡಿನ ಲೈಬ್ರರಿಗಳನ್ನು ಸುತ್ತಿದರು. 1925ರಲ್ಲಿ ಹಿಂದಿರುಗಿದವರು ಗಣಿತದ ಮಾತೆತ್ತಲಿಲ್ಲ. ಮುಂದಿನ ಎರಡು ದಶಕ ಅವರು ದಿನಕ್ಕೆ ಹದಿಮೂರು ಗಂಟೆ, ವಾರಕ್ಕೆ ಏಳೂ ದಿನ, ರಜೆಯಿಲ್ಲದೆ ದುಡಿದರೆಂದು ಹೇಳುತ್ತಾರೆ. ಮದುವೆಯಾದ ದಿನವೂ ಧಾರೆ ಮುಗಿಸಿ ಮಧ್ಯಾಹ್ನಕ್ಕೆ ಕೆಲಸಕ್ಕೆ ಹಾಜರಾದರಂತೆ. ಇದನ್ನು ನಾನು ಅನುಕರಣೆಗೆಂದು ಹೇಳುತ್ತಿಲ್ಲ, ಅಂಥ ದುಡಿಮೆ ಯಾರ ಮೇಲೂ ಹೇರಬಾರದು. ಅವರು ಮಾಡಿದ ಬದಲಾವಣೆಗಳು ಬೇರೆ ಮಾತು. ಓದುಗ ಚೀಟಿ ಬರೆದು ಕೊಟ್ಟು ಕಟಕಟೆಯ ಆಚೆ ಕಾಯುವ ಬದಲು ತಾನೇ ಕಪಾಟಿನ ಬಳಿ ಹೋಗಿ ಪುಸ್ತಕ ತೆಗೆಯುವಂತಾಯಿತು. ಬಾಗಿಲು ತೆರೆದಿರುವ ಹೊತ್ತು ಹೆಚ್ಚಿತು. ಬಂದವನ ಬೇಕುಬೇಡ ವಿಚಾರಿಸಿ ಕೈಹಿಡಿದು ತೋರಿಸುವ ಸಿಬ್ಬಂದಿ ಬಂದರು. ಅಂಥ ಸಿಬ್ಬಂದಿಯನ್ನು ತಯಾರು ಮಾಡಲು ತರಗತಿ ಶುರುವಾಗಿ, 1937ರ ಹೊತ್ತಿಗೆ ಅದು ವಿಶ್ವವಿದ್ಯಾಲಯದ ಡಿಪ್ಲೊಮಾ ಆಯಿತು. ಅಲ್ಲಿಗೆ ಲೈಬ್ರರಿಯೂ ಮರೀನಾಕ್ಕೆ ಎದುರಾದ ಚೇಪಾಕ್ ಆವರಣದಲ್ಲಿ ತನ್ನದೇ ಕಟ್ಟಡ ಸೇರಿಕೊಂಡಿತ್ತು.

ಈ ಅನುಭವವನ್ನೆಲ್ಲ ಭಟ್ಟಿ ಇಳಿಸಿ ರಂಗನಾಥನ್ 1931ರಲ್ಲಿ ‘ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳು’ ಎಂಬ ಪುಸ್ತಕ ತಂದರು. ಲೈಬ್ರರಿ ಸೈನ್ಸ್ ಓದಿದ ಯಾರನ್ನೇ ಕೇಳಿ, ಅವನ್ನು ಮಗ್ಗಿಯಂತೆ ಒಪ್ಪಿಸುತ್ತಾರೆ. ಪುಸ್ತಕಗಳಿರುವುದು ಬಳಕೆಗೆ. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು. ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು. ಓದುಗನ ಸಮಯ ಉಳಿಸಬೇಕು. ಗ್ರಂಥಾಲಯ ಬೆಳೆಯುತ್ತಿರುವ ಜೀವಿ. ಮೊದಲನೆಯದನ್ನೂ ಕೊನೆಯದನ್ನೂ ನಮ್ಮವರು ಭಾಷಣಗಳಲ್ಲಿ ಧಾರಾಳವಾಗಿ ಬಳಸುತ್ತಾರೆ. ನಾಲ್ಕನೆಯದರ ಕಡೆ ಮಾತ್ರ ಯಾರೂ ತಿರುಗಿ ನೋಡುವುದಿಲ್ಲ. ನನಗಾದರೋ ವಿಶ್ವವಿದ್ಯಾಲಯದ ಲೈಬ್ರರಿ ಹೇಗೆ ನಡೆಯುತ್ತಿದೆ ಎಂದು ಅಳೆಯಲು ಆ ನಾಲ್ಕನೆಯದೇ ಸಾಕು ಎನಿಸುತ್ತದೆ. ಆಡಳಿತ, ಸೇವೆ, ಬೇರೆ ಸಂಸ್ಥೆಗಳೊಡನೆ ಸಹಭಾಗಿತ್ವ ಎಂದು ಸಮಿತಿಗಳು ಮೂರು ಕಡತ ಮಾಡಿಕೊಳ್ಳುತ್ತವೆ. ಕೇಳಬೇಕಾದ ಪ್ರಶ್ನೆ ಮೂರಕ್ಕೂ ಒಂದೇ: ಇದರಿಂದ ಓದುಗನಿಗೆ ಎಷ್ಟು ಹೊತ್ತು ಉಳಿಯಿತು?

ಇದು ಸಣ್ಣ ಮಾತಲ್ಲ, ಬೇಕಾದರೆ ಲೆಕ್ಕ ಹಾಕಿ ನೋಡಿ. ಒಂದು ಲೈಬ್ರರಿಗೆ ದಿನಕ್ಕೆ ಮುನ್ನೂರು ಮಂದಿ ಬರುತ್ತಾರೆ, ಒಬ್ಬೊಬ್ಬರಿಗೂ ಪುಸ್ತಕ ಸಿಗದೆ ಇಪ್ಪತ್ತು ನಿಮಿಷ ಹಾಳಾಗುತ್ತದೆ ಎಂದಿಟ್ಟುಕೊಳ್ಳಿ. ಆ ಒಂದು ದಿನದಲ್ಲೇ ನೂರು ಗಂಟೆ ಹೋಯಿತು. ಈ ನಷ್ಟ ಯಾವ ಆಡಿಟ್ ವರದಿಗೂ ಏರುವುದಿಲ್ಲ. ಆದರೆ ಇಪ್ಪತ್ತು ನಿಮಿಷ ಕಳೆದುಕೊಂಡ ಹುಡುಗ ಮತ್ತೆ ಆ ಕಡೆ ಸುಳಿಯುವುದೂ ಇಲ್ಲ. ನಿವೃತ್ತ ಪ್ರಾಧ್ಯಾಪಕರ ಪ್ರಶ್ನೆಗೆ ಇಲ್ಲೇ ಅರ್ಧ ಉತ್ತರವಿದೆ.

ಹಾಗಾದರೆ ಪುಸ್ತಕ ಸಿಗದಿರುವುದೇಕೆ? ಕೊಳ್ಳದಿರುವುದರಿಂದಲ್ಲ, ಬಹಳ ಸಲ ಅದು ಒಳಗೇ ಇರುತ್ತದೆ. ಯಾರೋ ತೆಗೆದು ನೋಡಿ ಪಕ್ಕದ ರ‍್ಯಾಕಿಗೆ ಸೇರಿಸಿರುತ್ತಾರೆ. ಲಕ್ಷ ಪುಸ್ತಕಗಳ ನಡುವೆ ತಪ್ಪು ಜಾಗದಲ್ಲಿರುವ ಪುಸ್ತಕವೂ ಕಳುವಾದ ಪುಸ್ತಕವೂ ಓದುಗನಿಗೆ ಒಂದೇ. ಬೆಳಿಗ್ಗೆ ಬಾಗಿಲು ತೆರೆಯುವ ಮುನ್ನ ಒಂದು ಗಂಟೆ ನಂಬರ್ ನೋಡಿ ಪುಸ್ತಕಗಳನ್ನು ಸಾಲಿಗೆ ಸೇರಿಸುವ ಕೆಲಸಕ್ಕೆ ಎಸಿಯಷ್ಟು ಖರ್ಚಾಗುವುದಿಲ್ಲ. ಉದ್ಘಾಟನೆ ಮಾಡಿಸಿಕೊಳ್ಳುವಂಥ ಕೆಲಸವೂ ಅದಲ್ಲ. ಬಹುಶಃ ಅದಕ್ಕೇ ಅದು ಯಾವ ಯೋಜನಾ ವರದಿಯಲ್ಲೂ ಕಾಣುವುದಿಲ್ಲ.

ಇನ್ನೊಂದು ಕಾರಣ ಭಯ. ಸ್ಟಾಕ್ ವೆರಿಫಿಕೇಷನ್ನಿನಲ್ಲಿ ಪುಸ್ತಕ ಕಡಿಮೆ ಬಂದರೆ ಅದರ ದುಡ್ಡನ್ನು ನನ್ನ ಸಂಬಳದಲ್ಲಿ ಹಿಡಿಯುತ್ತಾರೆ ಎಂಬ ಹೆದರಿಕೆ ನಮ್ಮ ಗ್ರಂಥಪಾಲಕರಲ್ಲಿ ತಲೆಮಾರುಗಳಿಂದ ಇಳಿದು ಬಂದಿದೆ. ಒಳ್ಳೆಯ ಪುಸ್ತಕಗಳೆಲ್ಲ ಬೀಗ ಹಾಕಿದ ಬೀರು ಸೇರಿ ‘ರೆಫರೆನ್ಸ್ ಮಾತ್ರ’ ಎಂಬ ಚೀಟಿ ಅಂಟಿಸಿಕೊಳ್ಳುವುದು ಹೀಗೆ. ವಾಸ್ತವದಲ್ಲಿ ನಿಯಮ ಅಷ್ಟು ಕ್ರೂರವಲ್ಲ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೆಯದನ್ನು ತೆಗೆದು ನೋಡಿ. ವರ್ಷದಲ್ಲಿ ಎರವಲು ಹೋದ ಅಥವಾ ಓದಲು ತೆಗೆದ ಪ್ರತಿ ಸಾವಿರ ಸಂಪುಟಕ್ಕೆ ಐದು ಕಳೆದರೆ ಅದು ಸಹಜ ನಷ್ಟ, ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಇರಬಾರದು ಅಷ್ಟೆ ಎಂದು ಅದು ಹೇಳುತ್ತದೆ. ಸಾವಿರ ರೂಪಾಯಿ ಮೀರಿದ ಪುಸ್ತಕ ಅಥವಾ ಅಪರೂಪದ ಗ್ರಂಥ ಹೋದರೆ ಮಾತ್ರ ತಪ್ಪದೆ ವಿಚಾರಣೆ. ಐವತ್ತು ಸಾವಿರ ಸಂಪುಟ ಮೀರಿದ ಲೈಬ್ರರಿ ಪ್ರತಿಯೊಂದನ್ನೂ ಎಣಿಸಬೇಕಾಗಿಲ್ಲ, ಮೂರು ವರ್ಷದೊಳಗೊಮ್ಮೆ ಮಾದರಿ ತಪಾಸಣೆ ಸಾಕು. ರಾಜ್ಯದ ವಿಶ್ವವಿದ್ಯಾಲಯಗಳಿಗೆ ಅವರವರ ನಿಯಮಗಳಿರುತ್ತವೆ ನಿಜ, ಆದರೆ ದಾರಿ ತೋರಿಸಲು ಇದು ಸಾಲದೇ? ಕುಲಸಚಿವರು ಒಂದು ಸುತ್ತೋಲೆ ಹೊರಡಿಸಿ ‘ಇಷ್ಟು ನಷ್ಟಕ್ಕೆ ನಿಮ್ಮನ್ನು ಹೊಣೆ ಮಾಡುವುದಿಲ್ಲ’ ಎಂದು ಬರೆದುಕೊಟ್ಟರೆ ಅರ್ಧ ಬೀರುಗಳ ಬೀಗ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಕನ್ನಡ ಪುಸ್ತಕಗಳ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ. ಹೊರನಾಡಿನಲ್ಲಿ ಓದುವವರಿಗೆ ಅದು ಚೆನ್ನಾಗಿ ಗೊತ್ತು. ಕಂಪ್ಯೂಟರ್ ಕ್ಯಾಟಲಾಗಿನಲ್ಲಿ ಕನ್ನಡ ಪುಸ್ತಕದ ಹೆಸರು ಇಂಗ್ಲಿಷ್ ಅಕ್ಷರದಲ್ಲಿರುತ್ತದೆ, ಅದೂ ಒಬ್ಬೊಬ್ಬ ಸಿಬ್ಬಂದಿಯ ಕಿವಿಗೆ ಕೇಳಿಸಿದಂತೆ. ಕಾರಂತರು ಒಂದು ಕಡೆ ‘ಕಾರಂತ್’, ಇನ್ನೊಂದು ಕಡೆ ‘ಕಾರಂಥ’, ಮತ್ತೊಂದು ಕಡೆ ‘ಶಿವರಾಮ ಕೆ.’ ಆಗಿ ಕೂತಿರುತ್ತಾರೆ. ಈ ಊರಿನ ಲೈಬ್ರರಿಯೊಂದರಲ್ಲಿ ನಾನು ಹುಡುಕುತ್ತಿದ್ದ ಕನ್ನಡ ಪುಸ್ತಕ ಕಂಪ್ಯೂಟರಿನ ಪ್ರಕಾರ ಅಲ್ಲಿರಲೇ ಇಲ್ಲ. ಇಲ್ಲವೆಂದು ಹೊರಟವನನ್ನು ಅಲ್ಲಿಯ ಹಳೆಯ ಅಟೆಂಡರ್ ನಿಲ್ಲಿಸಿ, ‘ಕನ್ನಡಮಾ? ಇರುಂಗ ಸಾರ್’ ಎಂದು ಒಳಗೆ ಹೋಗಿ ನೇರ ಅದನ್ನೇ ತಂದುಕೊಟ್ಟರು. ಕನ್ನಡ ಓದಲು ಬಾರದ ಅವರಿಗೆ ಬೈಂಡಿನ ಬಣ್ಣ ಗುರುತಿತ್ತು. ಅವರು ನಿವೃತ್ತರಾದ ದಿನ ಆ ಕ್ಯಾಟಲಾಗೂ ಅವರ ಜೊತೆ ಮನೆಗೆ ಹೋಗುತ್ತದೆ.

ಇದಕ್ಕೆ ಮದ್ದಿಲ್ಲವೆಂದೇನೂ ಅಲ್ಲ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಲ್ಲಿ ಸ್ಕ್ಯಾನ್ ಆಗಿದ್ದ ಕನ್ನಡ ಪುಸ್ತಕಗಳ ಹೆಸರುಗಳೂ ಇದೇ ಅವಸ್ಥೆಯಲ್ಲಿದ್ದವು. ‘ಸಂಚಯ’ ತಂಡದವರು ಅಂತರಜಾಲದಲ್ಲಿ ಆಸಕ್ತರನ್ನು ಒಟ್ಟುಗೂಡಿಸಿ, ಒಬ್ಬೊಬ್ಬರಿಂದ ಒಂದಿಷ್ಟು ಹೆಸರುಗಳನ್ನು ಕನ್ನಡದಲ್ಲಿ ಬರೆಸಿ, ಅವುಗಳನ್ನು ಕನ್ನಡದಲ್ಲೇ ಹುಡುಕುವಂತೆ ಮಾಡಿದರು. ಈಗ ಲೈಬ್ರರಿಗಳಲ್ಲಿರುವ ಕೋಹಾದಂಥ ಮುಕ್ತ ತಂತ್ರಾಂಶವಾಗಲಿ ಇನ್‌ಫ್ಲಿಬ್‌ನೆಟ್‌ನ ಸೋಲ್ ತಂತ್ರಾಂಶವಾಗಲಿ ಯೂನಿಕೋಡ್ ಕನ್ನಡಕ್ಕೆ ಬೇಡವೆನ್ನುವುದಿಲ್ಲ. ಬೇಕಾದದ್ದು ಕನ್ನಡ ಬಲ್ಲ ಕೈಗಳು. ಚೆನ್ನೈನಲ್ಲಿ ಕನ್ನಡಿಗರಿಗೆ ಬರವೇ? ಕನ್ನಡ ಸಂಘಗಳು ರಾಜ್ಯೋತ್ಸವದ ಮಾರನೆಯ ಭಾನುವಾರವನ್ನು ಯಾವುದಾದರೊಂದು ಲೈಬ್ರರಿಯ ಕನ್ನಡ ಕಪಾಟಿಗೆ ಕೊಟ್ಟರೂ ಸಾಕು.

ಇನ್ನು ಸೇವೆಯ ಮಾತು. ‘ಎಲ್ಲವೂ ಮೊಬೈಲಿನಲ್ಲಿದೆ’ ಎನ್ನುವವರಿಗೆ ನಾನು ಒಂದು ಸಂಗತಿ ನೆನಪಿಸುತ್ತೇನೆ. ಒಳ್ಳೆಯ ಸಂಶೋಧನಾ ಪತ್ರಿಕೆಗಳು ಮೊಬೈಲಿನಲ್ಲಿ ಪುಕ್ಕಟೆ ಸಿಗುವುದಿಲ್ಲ, ಅವಕ್ಕೆ ಚಂದಾ ಕಟ್ಟಬೇಕು. ಕೇಂದ್ರ ಸಚಿವ ಸಂಪುಟ 2024ರ ನವೆಂಬರಿನಲ್ಲಿ ‘ಒಂದು ದೇಶ, ಒಂದು ಚಂದಾ’ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಪತ್ರಿಕೆಗಳು. 2025ರ ಜನವರಿಯಿಂದ ಸರ್ಕಾರಿ ಉನ್ನತ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಿಗೆ ಅವು ತೆರೆದಿವೆ. ಜಿಲ್ಲಾ ಕೇಂದ್ರದ ಸರ್ಕಾರಿ ಕಾಲೇಜಿನ ಹುಡುಗಿಗೂ ಐಐಟಿಯವರಿಗೆ ಸಿಗುವ ಪತ್ರಿಕೆಯೇ ಸಿಗಬೇಕೆಂಬುದು ಉದ್ದೇಶ. ಆದರೆ ಲಾಗಿನ್ ಹೇಗೆ, ಹಾಸ್ಟೆಲಿನಿಂದ ತೆರೆಯುತ್ತದೆಯೇ, ನನ್ನ ವಿಷಯಕ್ಕೆ ಯಾವ ಪತ್ರಿಕೆ ಎಂದು ಹೇಳಿಕೊಡುವವರಿಲ್ಲದಿದ್ದರೆ, ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತಾಗುತ್ತದೆ. ಆ ಹೇಳಿಕೊಡುವವರು ಯಾರು? ಲೈಬ್ರರಿಯವರೇ. ಪ್ರತಿ ವಿಭಾಗಕ್ಕೂ ಒಬ್ಬರು ಗ್ರಂಥಪಾಲಕರನ್ನು ಹೆಸರಿಸಿ, ಹೊಸ ಸಂಶೋಧನಾ ವಿದ್ಯಾರ್ಥಿಗಳು ಸೇರಿದ ತಿಂಗಳಲ್ಲೇ ಅವರ ಜೊತೆ ಒಂದು ಗಂಟೆ ಕೂರಿಸಿದರೆ, ಮುಂದೆ ಅವರಿಗೆ ಉಳಿಯುವುದು ತಿಂಗಳುಗಳು. ಕಂಪ್ಯೂಟರ್ ಬಂದ ಮೇಲೆ ರೆಫರೆನ್ಸ್ ಟೇಬಲ್ ತೆಗೆದುಹಾಕಿದ ಲೈಬ್ರರಿಗಳು ಅದನ್ನು ಮತ್ತೆ ಹಾಕಿಸಬೇಕು. ಆ ಮೇಜಿನ ಹಿಂದೆ ಕೂರಲು ಜನರನ್ನೂ ನೇಮಿಸಬೇಕು. ಗ್ರಂಥಪಾಲಕರ ಹುದ್ದೆ ಖಾಲಿಯಿಟ್ಟು ‘ಪ್ರಭಾರ’ದ ಮೇಲೆ ಇತಿಹಾಸದ ಪ್ರಾಧ್ಯಾಪಕರನ್ನೋ ರಸಾಯನಶಾಸ್ತ್ರದವರನ್ನೋ ಕೂರಿಸುವ ಪದ್ಧತಿ ಹೋಗದೆ ಯಾವ ಸುಧಾರಣೆಯೂ ನೆಲೆ ನಿಲ್ಲದು.

ಸಹಭಾಗಿತ್ವದ ವಿಷಯಕ್ಕೆ ಬಂದರೆ ಚೆನ್ನೈನಷ್ಟು ಭಾಗ್ಯವಂತ ಊರು ನಮ್ಮಲ್ಲಿ ಕಡಿಮೆ. ಎಗ್ಮೋರಿನ ಕನ್ನೆಮರಾ ಗ್ರಂಥಾಲಯ 1896ರದು. 1954ರ ಕಾನೂನಿನಂತೆ ದೇಶದಲ್ಲಿ ಅಚ್ಚಾದ ಪುಸ್ತಕಗಳ ಪ್ರತಿ ಸೇರಬೇಕಾದ ನಾಲ್ಕು ಕಡೆಗಳಲ್ಲಿ ಅದೂ ಒಂದು, ಬೆಂಗಳೂರಿನಲ್ಲೋ ಧಾರವಾಡದಲ್ಲೋ ಅಚ್ಚಾದ ಕನ್ನಡ ಪುಸ್ತಕವೂ ಅಲ್ಲಿಗೆ ಬರಬೇಕು. ಅಡ್ಯಾರಿನಲ್ಲಿ ಥಿಯಾಸಾಫಿಕಲ್ ಸೊಸೈಟಿಯ 1886ರ ಗ್ರಂಥಾಲಯವಿದೆ. ಕೋಟೂರುಪುರದಲ್ಲಿ 2010ರಲ್ಲಿ ತೆರೆದ ಅಣ್ಣಾ ಶತಮಾನೋತ್ಸವ ಗ್ರಂಥಾಲಯವಿದೆ, ಅಲ್ಲಿ ಬ್ರೈಲ್ ವಿಭಾಗವೂ ಉಂಟು. 1869ರಲ್ಲಿ ಹುಟ್ಟಿ, ಬಹುಕಾಲ ವಿಶ್ವವಿದ್ಯಾಲಯದ ಲೈಬ್ರರಿ ಕಟ್ಟಡದಲ್ಲೇ ಇದ್ದ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯ ಈಗಿರುವುದೂ ಈ ಅಣ್ಣಾ ಗ್ರಂಥಾಲಯದಲ್ಲೇ. ಕರ್ನಲ್ ಮೆಕೆಂಝಿ ಊರೂರು ಸುತ್ತಿ ಬರೆಸಿ ತಂದ ಕನ್ನಡ ಕೈಫಿಯತ್ತುಗಳು, ಅಂದರೆ ಊರುಗಳ ಚರಿತ್ರೆ ಹೇಳುವ ದಾಖಲೆಗಳು, ಆ ಸಂಗ್ರಹದಲ್ಲಿವೆ. ಎಂ.ಎಂ. ಕಲಬುರ್ಗಿಯವರು ಸಂಪಾದಿಸಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದ ‘ಕರ್ನಾಟಕದ ಕೈಫಿಯತ್ತುಗಳು’ ಎಂಬ ದೊಡ್ಡ ಸಂಪುಟದ ಬೇರು ಆ ಮೆಕೆಂಝಿ ಸಂಗ್ರಹದಲ್ಲಿದೆ.

ನಮಗೂ ಮದ್ರಾಸು ವಿಶ್ವವಿದ್ಯಾಲಯಕ್ಕೂ ಇರುವ ನಂಟು ಇನ್ನೂ ಹತ್ತಿರದ್ದು. ರಾಜ್ಯಗಳ ಮರುವಿಂಗಡಣೆ ಆಗುವವರೆಗೆ ಮಂಗಳೂರು, ಉಡುಪಿ, ಕಾಸರಗೋಡಿನ ಕಡೆಯವರು ಊರಲ್ಲೇ ಕಲಿತರೂ ಅವರ ಪದವಿ ಈ ವಿಶ್ವವಿದ್ಯಾಲಯದ್ದು. ಇಲ್ಲಿಯ ಕನ್ನಡ ವಿಭಾಗದ ಎಂ. ಮರಿಯಪ್ಪ ಭಟ್ಟರು ಎ. ಶಂಕರ ಕೆದಿಲಾಯರೊಡನೆ ಮಾಡಿದ ತುಳು–ಇಂಗ್ಲಿಷ್ ನಿಘಂಟು 1967ರಲ್ಲಿ ಹೊರಬಂತು. ಕಿಟೆಲ್ ನಿಘಂಟನ್ನು ಪರಿಷ್ಕರಿಸಿ ಹಿಗ್ಗಿಸಿದ ಅವರ ಸಂಪುಟಗಳು 1968ರಿಂದ 1971ರ ನಡುವೆ ಬಂದವು. ಎರಡನ್ನೂ ಪ್ರಕಟಿಸಿದ್ದು ಮದ್ರಾಸು ವಿಶ್ವವಿದ್ಯಾಲಯವೇ.

ಈಗ ಕನ್ನಡದ ಸಂಶೋಧನಾ ವಿದ್ಯಾರ್ಥಿಯೊಬ್ಬಳು ಶಿವಮೊಗ್ಗದಿಂದಲೋ ಮಂಜೇಶ್ವರದಿಂದಲೋ ಈ ಊರಿಗೆ ಬಂದಳೆನ್ನಿ. ಅವಳಿಗೆ ಬೇಕಾದದ್ದು ನಾಲ್ಕು ಲೈಬ್ರರಿಗಳಲ್ಲಿ ಹಂಚಿಹೋಗಿದೆ. ನಾಲ್ಕು ಗೇಟು, ನಾಲ್ಕು ಅರ್ಜಿ, ನಾಲ್ಕು ಕಡೆ ಮಾರ್ಗದರ್ಶಕರ ಪತ್ರ. ಒಂದು ಕಡೆ ಫೋಟೋ ತೆಗೆಯಬಹುದು, ಇನ್ನೊಂದು ಕಡೆ ತೆಗೆಯಬಾರದು. ಯಾವ ಪುಸ್ತಕ ಎಲ್ಲಿದೆ ಎಂದು ಒಂದೇ ಕಡೆ ನೋಡಲು ಬರುವುದಿಲ್ಲ. ರೈಲಿನಲ್ಲಿ ರಾತ್ರಿ ಕಳೆದು ಬಂದವಳು ಎರಡು ದಿನ ರಿಜಿಸ್ಟರಿಗೆ ಸಹಿ ಹಾಕುವುದರಲ್ಲೇ ಕಳೆಯುತ್ತಾಳೆ. ಇಲ್ಲಿ ಯಾರದೂ ತಪ್ಪಿಲ್ಲ, ಎಲ್ಲರೂ ಅವರವರ ನಿಯಮ ಪಾಲಿಸುತ್ತಿದ್ದಾರೆ. ನಿಯಮಗಳು ಮಾತ್ರ ಒಂದನ್ನೊಂದು ಭೇಟಿ ಮಾಡಿಲ್ಲ.

ಸಂಸ್ಥೆಗಳು ಕೈಜೋಡಿಸಿದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆಯೂ ಈ ಊರಿನದೇ. ಚೆಟ್ಟಿನಾಡಿನ ಕೋಟ್ಟೈಯೂರಿನಲ್ಲಿ ರೋಜಾ ಮುತ್ತಯ್ಯ ಎಂಬ ಬೋರ್ಡು ಬರೆಯುವ ಕಲಾವಿದರಿದ್ದರು. ಜೀವಮಾನವಿಡೀ ತಮಿಳು ಪುಸ್ತಕ, ಪತ್ರಿಕೆ, ಕರಪತ್ರ ಕೂಡಿಟ್ಟರು. 1992ರಲ್ಲಿ ಅವರು ತೀರಿಕೊಂಡ ಮೇಲೆ ಆ ಸಂಗ್ರಹವನ್ನು ಕೊಂಡದ್ದು ಷಿಕಾಗೊ ವಿಶ್ವವಿದ್ಯಾಲಯ. ಸಂಗ್ರಹವನ್ನು ಅಮೆರಿಕಕ್ಕೆ ಸಾಗಿಸದೆ, ಮೊಳಿ ಎಂಬ ಇಲ್ಲಿಯ ಟ್ರಸ್ಟಿನ ಜೊತೆ ಸೇರಿ ಚೆನ್ನೈನಲ್ಲೇ ಉಳಿಸಿಕೊಂಡು, 1994ರಲ್ಲಿ ರೋಜಾ ಮುತ್ತಯ್ಯ ಸಂಶೋಧನಾ ಗ್ರಂಥಾಲಯವನ್ನು ಕಟ್ಟಿದರು. ದುಡ್ಡು ಒಬ್ಬರದು, ಸಂಗ್ರಹ ಇನ್ನೊಬ್ಬರದು, ನಡೆಸುವವರು ಮತ್ತೊಬ್ಬರು, ಓದುಗರು ಎಲ್ಲ ಕಡೆಯವರು. ಪ್ರತಿಯೊಬ್ಬರೂ ಏನು ತರುತ್ತಾರೆಂಬುದು ಮೊದಲೇ ಸ್ಪಷ್ಟವಿದ್ದ ಒಪ್ಪಂದ ಇದು. ನಮ್ಮ ವಿಶ್ವವಿದ್ಯಾಲಯಗಳ ಒಡಂಬಡಿಕೆಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಬೇಸರವಾಗುತ್ತದೆ. ಶಾಲು ಹೊದಿಸಿ, ಫೈಲು ಹಿಡಿದು ನಿಂತು ಫೋಟೋ ತೆಗೆಸಿಕೊಳ್ಳುವಲ್ಲಿಗೆ ಬಹಳಷ್ಟು ಮುಗಿದಿರುತ್ತವೆ.

ನನ್ನ ಸಲಹೆ ದೊಡ್ಡದೇನಲ್ಲ. ಒಂದು ಊರಿನ ಲೈಬ್ರರಿಗಳು ಸೇರಿ ಒಂದೇ ಕಾರ್ಡು ಕೊಡಲಿ. ವಿಶ್ವವಿದ್ಯಾಲಯ ತನ್ನ ಸಂಶೋಧಕರನ್ನು ಒಮ್ಮೆ ಗುರುತಿಸಿದರೆ ಉಳಿದವರೂ ಅದನ್ನು ನಂಬಲಿ. ತಮ್ಮ ಕ್ಯಾಟಲಾಗುಗಳನ್ನು ಒಂದೇ ಕಿಟಕಿಯಲ್ಲಿ ಕಾಣಿಸಲಿ. ಪುಸ್ತಕ ಕೊಡಲಾಗದಿದ್ದರೆ ಬೇಕಾದ ಪುಟಗಳ ಪ್ರತಿಯನ್ನಾದರೂ ಕಾನೂನಿನ ಮಿತಿಯಲ್ಲಿ ಕಳಿಸಿಕೊಡಲಿ. ದೆಹಲಿಯಲ್ಲಿ 1988ರಲ್ಲಿ ಶುರುವಾದ ಡೆಲ್‌ನೆಟ್ ಲೈಬ್ರರಿಯಿಂದ ಲೈಬ್ರರಿಗೆ ಎರವಲು ಕೊಡಿಸುವ ಕೆಲಸವನ್ನು ದಶಕಗಳಿಂದ ಮಾಡುತ್ತಿದೆ. ಹಾಗಾಗಿ ಇದು ಆಗದ ಮಾತೇನಲ್ಲ. ‘ನಮ್ಮಲ್ಲಿ ಎಲ್ಲ ಇದೆ, ಕೊಟ್ಟುಕೊಳ್ಳುವುದರಿಂದ ನಮಗೇನು ಲಾಭ?’ ಎಂದು ದೊಡ್ಡ ಲೈಬ್ರರಿಯವರು ಕೇಳಬಹುದು. ಅವರ ಕಪಾಟಿನಲ್ಲಿ ವರ್ಷಗಟ್ಟಲೆ ಯಾರೂ ಮುಟ್ಟದ ಕನ್ನಡ, ತೆಲುಗು, ಮಲಯಾಳ ಪುಸ್ತಕಗಳಿಗೆ ಓದುಗ ಸಿಗುತ್ತಾನಲ್ಲ, ಅದೇ ಲಾಭ. ಮೂರನೆಯ ಸೂತ್ರ ಹೇಳುವುದೂ ಅದನ್ನೇ.

ರಂಗನಾಥನ್ನರಿಗೆ ವಿಶ್ವವಿದ್ಯಾಲಯದ ಗೋಡೆ ಒಂದು ಗಡಿಯಾಗಿರಲಿಲ್ಲ. ಅವರು ಮುಂದೆ ನಿಂತು 1928ರಲ್ಲಿ ಮದ್ರಾಸು ಗ್ರಂಥಾಲಯ ಸಂಘ ಕಟ್ಟಿದರು. 1931ರಲ್ಲಿ ಮನ್ನಾರ್‌ಗುಡಿಯಲ್ಲಿ ಪುಸ್ತಕ ತುಂಬಿದ ಎತ್ತಿನ ಗಾಡಿ ಹಳ್ಳಿಗಳಿಗೆ ಹೊರಟಿತು. ಅವರು ಬಹುಕಾಲ ಹೋರಾಡಿದ ಮದ್ರಾಸು ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1948ರಲ್ಲಿ ಬಂತು, ಕರ್ನಾಟಕದ್ದು 1965ರಲ್ಲಿ. ಕೂಡಿಟ್ಟ ಒಂದು ಲಕ್ಷ ರೂಪಾಯಿಯನ್ನು ಪತ್ನಿ ಶಾರದಾ ಅವರ ಹೆಸರಿನ ಪ್ರಾಧ್ಯಾಪಕ ಪೀಠಕ್ಕೆಂದು ಮದ್ರಾಸು ವಿಶ್ವವಿದ್ಯಾಲಯಕ್ಕೇ ಕೊಟ್ಟರು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, 1962ರಲ್ಲಿ ಅಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿ, 1972ರಲ್ಲಿ ಅಲ್ಲೇ ತೀರಿಕೊಂಡರು. ಅವರ ಹುಟ್ಟುಹಬ್ಬವೆಂದು ಆಗಸ್ಟ್ 12ರಂದು ದೇಶದ ಲೈಬ್ರರಿಗಳೆಲ್ಲ ಫೋಟೋಕ್ಕೆ ಹಾರ ಹಾಕುತ್ತವೆ.

ಹಾರದ ಜೊತೆ ಅಂದು ಪ್ರತಿ ವಿಶ್ವವಿದ್ಯಾಲಯ ಒಂದು ಹಾಳೆಯ ವರದಿಯನ್ನೂ ಪ್ರಕಟಿಸಲಿ ಎಂಬುದು ನನ್ನ ಬೇಡಿಕೆ. ಎಷ್ಟು ಪುಸ್ತಕವಿದೆ, ಎಷ್ಟು ಕಂಪ್ಯೂಟರಿದೆ ಎಂಬುದು ಅದರಲ್ಲಿ ಬೇಡ, ಮೌಲ್ಯಮಾಪನದ ತಂಡಗಳಿಗೆಂದು ಅದನ್ನು ಹೇಗೂ ಬರೆದಿಡುತ್ತಾರೆ. ಕೇಳಿದ ಪುಸ್ತಕ ಕೈಗೆ ಬರಲು ಸರಾಸರಿ ಎಷ್ಟು ನಿಮಿಷ ಹಿಡಿಯಿತು, ಕೇಳಿದವರಲ್ಲಿ ಎಷ್ಟು ಜನ ಬರಿಗೈಲಿ ಹೋದರು, ಬೇರೆ ಲೈಬ್ರರಿಯಿಂದ ತರಿಸಿಕೊಟ್ಟದ್ದು ಎಷ್ಟು, ಪರೀಕ್ಷೆಯ ದಿನಗಳಲ್ಲಿ ಬಾಗಿಲು ರಾತ್ರಿ ಎಷ್ಟು ಗಂಟೆವರೆಗೆ ತೆರೆದಿತ್ತು, ಖಾಲಿ ಬಿದ್ದ ಹುದ್ದೆ ಎಷ್ಟು. ಈ ಐದು ಅಂಕಿಗಳು ಸಾಕು. ಮಕ್ಕಳನ್ನು ಕಾಲೇಜಿಗೆ ಸೇರಿಸುವಾಗ ಹಾಸ್ಟೆಲಿನ ಊಟ, ಪ್ಲೇಸ್‌ಮೆಂಟು, ಬಸ್ಸು ಎಲ್ಲವನ್ನೂ ಕೆದಕಿ ವಿಚಾರಿಸುವ ನಾವು ಈ ಐದನ್ನೂ ಕೇಳತೊಡಗಿದರೆ, ಉತ್ತರ ಕೊಡಬೇಕಾದವರು ತಾವಾಗಿಯೇ ಲೆಕ್ಕ ಇಡಲು ಶುರುಮಾಡುತ್ತಾರೆ.